ಬಾಟಲಿಯ ಬೆನ್ನ ಮೇಲಿನ ಚೀಟಿ

ಹಲೋ... ಹಲೋ, ಹೌದು, ನಕಾಯಾ ಬುತ್ತಿ ಅಂಗಡಿ. ಯಾರು ಮಾತಾಡ್ತಿರೋದು?

... ಹಾಂ, ಇಲ್ಲಿ ಮಾಡೋದು ಹಲಾಲ್ ಊಟಾನೇ. ಜಪಾನಿ ಅಡುಗೆ, ಹಂದಿ ಇಲ್ಲ, ಮದ್ಯ ಇಲ್ಲ... ಎಷ್ಟು ಜನಕ್ಕೆ? ನಿಮ್ಮನ್ನೂ ಸೇರಿಸಿ ಮೂವತ್ತಾರಾ? ಇವತ್ತೇನಾ? ಗಂಟೆ ಹನ್ನೊಂದು ದಾಟಿದೆಯಲ್ಲಪ್ಪ, ಒಂದೂವರೆಗೆ ಮೂವತ್ತಾರು ಬುತ್ತಿ ಅಂದ್ರೆ ಮರದಿಂದ ಉದುರಿಸ್ಲಾ?

... ಇರಿ ಇರಿ, ಅಷ್ಟೊಂದು ಬಗ್ಗಿ ಬಗ್ಗಿ ಕ್ಷಮೆ ಕೇಳ್ಬೇಡಿ, ಫೋನಲ್ಲಿ ಬಗ್ಗಿದ್ದು ಕಾಣಲ್ಲ. ಬಸ್ಸು ಈಗ ಎಲ್ಲಿದೆ?... ಶಿರಾಕಾವಾ ಬಿಟ್ಟಾಯ್ತಾ. ತಕಾಯಾಮಾಗೆ ಬರೋದಲ್ವಾ... ಜನ ಯಾವ ಕಡೆಯವ್ರು?... ಮಲೇಷ್ಯಾ ಅಂತ ದನಿಯಲ್ಲೇ ಗೊತ್ತಾಯ್ತು, ಯಾವ ಊರು?... ಕೋತಾ ಭಾರು? ಹಾಂ...

... ಅಂದಹಾಗೆ ನಿಮ್ಮ ಹೆಸರೇನಂದ್ರಿ?... ಇನ್ನೊಂದ್ಸಲ ಹೇಳಿ... ರಿಜುವಾನ್.

... ಇಲ್ಲ, ಲೈನ್ ಕಟ್ಟಾಗಿಲ್ಲ. ಇದೀನಿ. ಒಲೆ ಸಣ್ಣ ಮಾಡೋಕೆ ಹೋಗಿದ್ದೆ... ಈಗ ಹೇಳಿ ರಿಜುವಾನ್ ಅವ್ರೇ, ಹಲಾಲ್ ಅಂದ್ರೆ ನಿಮಗೆ ಎಲ್ಲೀ ತನಕ ಬೇಕು? ಬಾಗಿಲಿಗೆ ಚೀಟಿ ಅಂಟಿಸಿದ್ರೆ ಸಾಕಾ, ಒಳಗೂ ಬೇಕಾ?... ಯಾಕೆ ಅಂದ್ರೆ, ಕೆಲವು ಗೈಡುಗಳಿಗೆ ಬಾಗಿಲ ತನಕ ಸಾಕು. ಅಡುಗೆಮನೆ ಹೊಸಿಲು ದಾಟದೇನೇ, ನೋಡ್ಕೊಂಡು ಬಂದೆ, ಎಲ್ಲಾ ಶುದ್ಧ ಅಂತಾರೆ. ಅಂಥವ್ನೊಬ್ಬನ್ನ ನಾನು ಕಂಡಿದೀನಿ.

... ಏನು, ದನಿ ಗುರುತು ಹತ್ತಲಿಲ್ವಾ? ಒಂಬತ್ತು ವರ್ಷ ಆಯ್ತು ಅಲ್ವಾ... ಹಾಂ. ಹೌದು. ಅವಳೇ. ಸಲ್ಬಿಯಾ... ಅಂಗಡಿ ಗಂಡನ ಹೆಸರಲ್ಲಿದೆ ಕಣೋ, ನಾಲಿಗೆ ನಂದೇ.

... ಕಾಕ್ ಅಂತ ಕರೀಬೇಡ. ಅಕ್ಕ ಅನ್ನೋ ಮಾತು ನಿನ್ನ ಬಾಯಲ್ಲಿ ಚೆನ್ನಾಗಿರಲ್ಲ... ನಾನಿಲ್ಲಿದೀನಿ ಅಂತ ಗೊತ್ತಿದ್ರೆ ಫೋನ್ ಮಾಡ್ತಿರ್ಲಿಲ್ಲ ಅಲ್ವಾ? ನಂಬರ್ ಕೊಟ್ಟಿದ್ಯಾರು?... ಮಾಹಿತಿ ಕೇಂದ್ರದ ಹುಡುಗೀನಾ. ಅವಳು ಬಾಳಾ ಒಳ್ಳೇ ಹುಡುಗಿ. ಇವತ್ತು ಸಂಜೆ ಅವಳಿಗೆ ಒಂದು ಬುತ್ತಿ ಕಳಿಸ್ತೀನಿ, ನನ್ನ ಒಂಬತ್ತು ವರ್ಷದ ದುವಾ ಅವಳ ಕೈಯಲ್ಲಿ ಫಲಿಸ್ತು.

... ಹಾಂ, ಹೇಳು, ಏನಾಯ್ತು? ನೀನು ಕಾಯ್ದಿರಿಸಿದ ಹೋಟ್ಲು ಏನಾಯ್ತು?... ಶಿರಾಕಾವಾದಲ್ಲೇನಾ... ಬಾಗಿಲಿಗೆ ಕಾಗದ ಅಂಟಿಸಿ ಹೋಗಿದ್ದಾರಾ? ಯಜಮಾನ್ರ ತಾಯಿ ತೀರ್ಕೊಂಡ್ರಾ?... ಪಾಪ. ಅವ್ರಿಗೆ ದುಃಖ, ನಿನಗೆ ಪೇಚಾಟ. ಹಾಗಾದ್ರೆ ಬೆಳಿಗ್ಗೆಯಿಂದ ಜನ ಏನು ತಿಂದಿದ್ದಾರೆ?... ಬಾಳೆಹಣ್ಣಾ? ಬಾಳೆಹಣ್ಣು, ಬೇಯಿಸಿದ ಮೊಟ್ಟೆ. ಅಷ್ಟೇನಾ?... ಅನ್ನದುಂಡೆ ಕೊಳ್ಳಲಿಲ್ವಾ ರಸ್ತೆ ಬದಿ ಅಂಗಡೀಲಿ?... ಹಾಂ, ಮೂವತ್ತಾರು ಜನ ಅಂಗಡಿ ಒಳಗೆ ನಿಂತು ಒಂದೊಂದು ಉಂಡೆಗೂ ಫೋನಿನ ಕ್ಯಾಮೆರಾ ಹಿಡಿದು ಅನುವಾದ ನೋಡ್ತಿದ್ರಾ! ಸೋಯಾದಲ್ಲಿ ಮದ್ಯ, ವಿನಿಗರ್‌ನಲ್ಲಿ ಸಂಶಯ, ಇಟ್ಟಿದ್ದೆಲ್ಲ ವಾಪಸ್ ಕಪಾಟಿಗೆ. ಗೊತ್ತು, ಗೊತ್ತು. ಆ ಅಂಗಡಿಯವಳ ಮುಖಾನೂ ಕಣ್ಣಿಗೆ ಕಟ್ಟಿದ ಹಾಗಿದೆ.

... ಇಲ್ಲ. ಆಗಲ್ಲ.

... ಆಗಲ್ಲ ಅಂದ್ನಲ್ಲ. ನಿನಗೆ ಮಾಡಿಕೊಡೋಕೆ ನನಗೆ ಆಗಲ್ಲ... ಅಕ್ಕಿ ಇದೆ, ಕೋಳಿ ಇದೆ, ಎರಡು ಒಲೆ ಖಾಲಿ ಇವೆ. ಆದ್ರೂ ಆಗಲ್ಲ. ಈಗ ಗೊತ್ತಾಯ್ತಾ?

... ಹಳೇದು ಅಂತೀಯಾ? ನಿನಗೆ ಹಳೇದು. ಕೊಟ್ಟವನಿಗೆ ಹಳೇದಾಗುತ್ತೆ, ಪಟ್ಟವಳಿಗೆ ಆಗಲ್ಲ. ಮರೆತಿದ್ರೆ ಜ್ಞಾಪಿಸ್ಲಾ? ಜ್ಞಾಪಿಸ್ತೀನಿ ಇರು. ಇದೇ ಊರು. ಹೊಳೆ ಪಕ್ಕದ ಹಾವುಮೀನಿನ ಊಟದಂಗಡಿ. ನಾವಿಬ್ರೂ ಗೈಡುಗಳು, ನಮ್ಮ ಹತ್ರ ಇಪ್ಪತ್ತೆಂಟು ಜನ. ಒಂದು ದಿನ ಮುಂಚೆ ಒಬ್ಬರು ಅಡುಗೆಮನೆಗೆ ಹೋಗಿ, ಒಂದೊಂದು ಬಾಟಲೀನೂ ತಿರುಗಿಸಿ, ಬೆನ್ನ ಮೇಲಿನ ಚೀಟಿ ಓದ್ಕೊಂಡು ಬರ್ಬೇಕು. ಅದು ನಾನು ಮಾಡಿದ ಕಟ್ಟುಪಾಡು, ನಿನಗೂ ನಾನೇ ಹೇಳಿಕೊಟ್ಟಿದ್ದು. ಆ ಸಲ ಸರದಿ ಯಾರದ್ದು?... ಜೋರಾಗಿ ಹೇಳು... ನಿಂದು. ಬಂದು ಏನಂದೆ? ಒಳಗೆ ಹೋಗಿದ್ದೆ, ಎಲ್ಲಾ ಬಾಟಲಿ ಓದಿದೆ, ಶುದ್ಧ ಅಂದೆ. ಹೋಗಿದ್ಯಾ ಒಳಗೆ?

... ಬಾಗಿಲಲ್ಲಿ ನಿಂತು, ಸಾರಾಯಿ ಹಾಕ್ತೀರಾ ಅಂತ ಕೇಳಿದೆ, ಅಂಗಡಿ ಯಜಮಾನ್ರು ಶಿಗೆಮಾತ್ಸು-ಸಾನ್ ಇಲ್ಲ ಅಂದ್ರು, ನೀನು ಸಿಗರೇಟು ಸೇದ್ಕೊಂಡು ವಾಪಸ್ ಬಂದೆ. ಅಲ್ವಾ?... ಅವ್ರು ಸುಳ್ಳು ಹೇಳಲಿಲ್ಲ ಕಣೋ. ಅಕ್ಕಿಯಿಂದ ಮಾಡೋ ಆ ಸಿಹಿ ಮಿರಿನ್ ಅವ್ರಿಗೆ ಸಾರಾಯಿ ಅಲ್ವೇ ಅಲ್ಲ. ಕುಡಿಯೋದಲ್ಲ, ಗೊಜ್ಜಿಗೆ ಸುರಿಯೋದು, ನಮ್ಮನೇಲಿ ತಾಳೆಬೆಲ್ಲ ಇದ್ದ ಹಾಗೆ. ಬೆಲ್ಲ ಹಾಕ್ತೀರಾ ಅಂತ ಕೇಳಿದ್ರೆ ಹೌದು ಅಂತಿದ್ರು, ಮದ್ಯ ಹಾಕ್ತೀರಾ ಅಂದ್ರೆ ಪ್ರಾಮಾಣಿಕವಾಗಿ ಇಲ್ಲ ಅಂದ್ರು. ಅದಕ್ಕೇ ಅಲ್ವೇನೋ ಬಾಯಿ ಮಾತು ಕೇಳ್ಬೇಡ, ಬಾಟಲಿ ತಿರುಗಿಸಿ ಓದು ಅಂತ ಬಡ್ಕೊಂಡಿದ್ದು ನಾನು?

... ಹಾಂ, ಆಮೇಲಿಂದು ನೀನೇ ಹೇಳು. ಇಪ್ಪತ್ತೆಂಟು ಜನ ಬಟ್ಟಲು ನೆಕ್ಕಿ ತಿಂದ್ರು. ಗುಂಪಲ್ಲಿದ್ದ ಆ ಡಾಕ್ಟ್ರು ಕೈ ತೊಳೆಯೋಕೆ ಅಂತ ಒಳಗೆ ಹೋದವ್ರು ಬಾಟಲಿ ಹಿಡ್ಕೊಂಡು ಹೊರಗೆ ಬಂದ್ರು, ನೂರಕ್ಕೆ ಹದಿನಾಲ್ಕು ಪಾಲು ಮದ್ಯ ಅಂತ ಎಲ್ಲರೆದುರು ಓದಿದ್ರು. ಆಗ ಎಲ್ಲರೂ ನಿನ್ನ ಕಡೆ ತಿರುಗಿದ್ರು. ನೀನು? ಬೆರಳು ಯಾರ ಕಡೆ ತೋರಿಸಿದೆ?... ಸಲ್ಬಿಯಾ ಅಕ್ಕನೇ ನೋಡೋದು ಬೇಡ ಅಂದ್ರು ಅಂತ ಹೇಳಿದೆ. ನನ್ನ ತಲೆ ಮೇಲೆ ಗೂಬೆ ಕೂರಿಸಿದೆ, ನಾನು ಪಕ್ಕದಲ್ಲೇ ನಿಂತಿರೋವಾಗ!

... ಅಳ್ಬೇಡ. ನೀನು ಅತ್ರೆ ನನಗೆ ಹಸಿವಾಗುತ್ತೆ.

... ನಾನಾ? ನಾನೇನಂದೆ ಅವ್ರಿಗೆ?... ನೀನು ಶುದ್ಧ ಅಂದೆ, ನಾನೂ ಶುದ್ಧ ಅಂದೆ. ಅಷ್ಟೇ... ಅದು ಬೇಡ ಈಗ. ಮಾತು ಆ ಕಡೆ ತಿರುಗಿಸ್ಬೇಡ, ಹೇಳ್ತಿದೀನಿ. ಮಾತಾಡ್ತಿರೋದು ನಿನ್ನ ವಿಷಯ.

... ನಿನಗೆ ಗೊತ್ತಾ ಆಮೇಲೆ ಏನಾಯ್ತು ಅಂತ? ಕೆಲಸ ಹೋಯ್ತು, ಅದು ಬಿಡು. ಮಿರಿನ್ ಅಕ್ಕ ಅಂತ ಹೆಸರಿಟ್ರು. ಕ್ವಾಲಾಲಂಪುರದಿಂದ ಕೋತಾ ಭಾರು ತನಕ ಎಲ್ಲರ ಫೋನಲ್ಲೂ ಅದೇ ನಗೆಚಾಟಿಕೆ. ಆ ವರ್ಷ ಹಬ್ಬಕ್ಕೆ ಊರಿಗೆ ಹೋದೆ. ನಮ್ಮಮ್ಮ ನನ್ನ ಕೈಯಲ್ಲಿ ರೆಂದಾಂಗ್ ಮಾಡಿಸಿ ಅಕ್ಕಪಕ್ಕದ ಏಳು ಮನೆಗೆ ತಟ್ಟೆ ಕಳಿಸಿದ್ರು. ನಮ್ಮಲ್ಲಿ ತಟ್ಟೆ ಖಾಲಿ ವಾಪಸ್ ಬರಲ್ಲ, ಅವ್ರ ಮನೆ ತಿಂಡಿ ತುಂಬ್ಕೊಂಡು ಬರುತ್ತೆ. ಅವತ್ತೂ ಖಾಲಿ ಬರಲಿಲ್ಲ. ನಾನು ಮಾಡಿದ ಮಾಂಸಾನೇ ವಾಪಸ್ ಬಂತು, ಹಾಗೇ, ಮುಚ್ಚಿದ ಬಾಳೆಲೆ ಕೂಡ ತೆಗೆದಿರಲಿಲ್ಲ. ಏಳು ತಟ್ಟೆ. ಅಮ್ಮ ಎಲ್ಲಾ ಒಂದು ಪಾತ್ರೆಗೆ ಸುರಿದು, ಮೂರು ದಿನ ತಾವೊಬ್ರೇ ತಿಂದ್ರು.

... ಅಯ್ಯೋ ಅಂತೀಯಾ? ಈಗ ಅಯ್ಯೋ ಅಂದು ಏನು ಪ್ರಯೋಜನ?

... ಆ ಶಿಗೆಮಾತ್ಸು-ಸಾನ್ ಯಾರು ನನಗೆ? ನಮ್ಮ ದೇಶದವ್ರಾ, ನಮ್ಮ ಧರ್ಮದವ್ರಾ? ಮಾರನೇ ದಿನ ಬೆಳಿಗ್ಗೆ ನಾನಿದ್ದ ಹೋಟ್ಲಿಗೆ ಬಂದು, ನೆಲಕ್ಕೆ ಹಣೆ ಹಚ್ಚಿದ್ರು. ಅವ್ರ ಅಪ್ಪನ ಕಾಲದಿಂದ ಬರಿದಾಗದ ಗೊಜ್ಜಿನ ಮಡಕೆ, ದಿನಾ ತೆಗೆದಷ್ಟು ತುಂಬಿಸ್ತಾರಲ್ಲ, ಅದರ ಪಕ್ಕ ಹೊಸಾ ಮಡಕೆ ಇಟ್ಟು, ಮಿರಿನ್ ಇಲ್ದೆ ಗೊಜ್ಜು ಮಾಡೋದು ಹೇಗೆ ಅಂತ ಕೆಲಸ ಹೋಗಿ ನಾನಿಲ್ಲಿಗೆ ಬಂದಾಗ ನನ್ನ ಜೊತೆ ಕೂತು ಎರಡು ತಿಂಗಳು ಒದ್ದಾಡಿದ್ರು. ಸೇಬಿನ ರಸ, ಖರ್ಜೂರ, ಏನೇನೋ. ಇವತ್ತು ನಾನು ಬುತ್ತಿ ಮಾರ್ತಿರೋದು ಅವ್ರು ಕಲಿಸಿದ ಗೊಜ್ಜಿನಿಂದ. ಗೊತ್ತಿಲ್ದೆ ತಪ್ಪು ಮಾಡಿದವ್ರು ಅಷ್ಟು ಮಾಡಿದ್ರು. ಗೊತ್ತಿದ್ದೂ ಮಾಡಿದ ನೀನು ಒಂದು ಫೋನ್ ಮಾಡಲಿಲ್ಲ. ಮಾಡಿದ್ದು ಇವತ್ತೇ, ಅದೂ ಹೊಟ್ಟೆಗೆ ಬೇಕಾಗಿ.

... ಏನಂದೆ? ಜನದ ಮುಖ ನೋಡಿ ಅಂತೀಯಾ? ಅವ್ರ ಮುಖ ನನಗೆ ಕಾಣಲ್ಲ... ಮಕ್ಕಳಿದ್ದಾರಾ... ಮುದುಕ್ರೂ ಇದ್ದಾರಾ...

... ಯಾರು? ಯಾರಂದೆ?

... ಮಕ್ ಚಿಕ್ ರೊಕಿಯಾ? ಅದೇ, ಅವತ್ತಿನ ಇಪ್ಪತ್ತೆಂಟು ಜನದಲ್ಲಿದ್ದ ಚಿಕ್ಕಮ್ಮ, ನಮಾಜಿನ ಬಿಳೀ ತೆಲಕುಂಗ್ ಬಟ್ಟೆ ಗಂಟು ಕಂಕುಳಲ್ಲಿಟ್ಕೊಂಡು ಓಡಾಡ್ತಿದ್ರಲ್ಲ, ಅವ್ರೇನಾ?... ಇನ್ನೂ ಇದ್ದಾರಾ... ಎಪ್ಪತ್ತೊಂಬತ್ತಾ. ಈಗ ಮೊಮ್ಮಗಳ ಜೊತೆ ಬಂದಿದ್ದಾರಾ... ಏನು ತಿಂದ್ರು ಅವ್ರು?... ಬಾಳೆಹಣ್ಣೂ ಬೇಡ ಅಂದ್ರಾ.

... ಇರು, ಅಕ್ಕಿ ಡಬ್ಬ ತೆಗೆದು ನೋಡ್ತಿದೀನಿ. ಇರು ಸ್ವಲ್ಪ.

... ಸರಿ. ಕೇಳು. ಊಟ ಕೊಡ್ತೀನಿ. ಥ್ಯಾಂಕ್ಸ್ ಇಟ್ಕೋ, ನಾನಿನ್ನೂ ಮುಗಿಸಿಲ್ಲ. ನಿನಗಲ್ಲ, ಅವ್ರಿಗೆ ಕೊಡ್ತೀನಿ. ಆದ್ರೆ ಪುಕ್ಕಟೆ ಅಲ್ಲ. ಬಸ್ಸಲ್ಲಿ ನಿನ್ನ ಮುಂದೆ ಮೈಕ್ ಇದೆ ಅಲ್ವಾ? ಬಲಗಡೆ ಬೆಟ್ಟ, ಎಡಗಡೆ ನದಿ ಅಂತ ಅರಚೋ ಮೈಕು. ಅದನ್ನ ಕೈಗೆ ತಗೊಂಡು ಎದ್ದು ನಿಂತು, ಅವತ್ತು ನಾನು ಅಡುಗೆಮನೆ ಒಳಗೆ ಹೋಗಿರಲಿಲ್ಲ, ಹೋಗಿದ್ದೆ ಅಂತ ಸಲ್ಬಿಯಾಗೆ ಸುಳ್ಳು ಹೇಳಿದೆ, ಆಮೇಲೆ ಅವಳ ಮೇಲೆ ಹಾಕಿದೆ ಅಂತ ಹೇಳು. ಫೋನು ಮೈಕಿನ ಹತ್ರ ಹಿಡ್ಕೊಂಡಿರು. ನಾನು ಕೇಳಿಸ್ಕೊಳ್ತೀನಿ. ನೀನು ಕೊನೇ ಅಕ್ಷರ ಹೇಳಿದ ಮೇಲೆ ಅಕ್ಕಿ ತೊಳೀತೀನಿ. ಅಲ್ಲೀ ತನಕ ಒಂದು ಕಾಳೂ ನೀರು ಮುಟ್ಟಲ್ಲ.

... ಮಾನ ಹೋಗುತ್ತಾ? ಹೋಗ್ಲಿ. ನಂದು ಹೋಗಿ ಒಂಬತ್ತು ವರ್ಷ ಆಯ್ತು, ನಾನು ಬದುಕಿಲ್ವಾ?

... ಊಟ ಆದ್ಮೇಲೆ ಹೇಳ್ತೀನಿ ಅಂದ್ರೆ ಆಗಲ್ಲ. ಹೊಟ್ಟೆ ತುಂಬಿದ ಮೇಲೆ ನೀನೂ ಹೇಳಲ್ಲ, ಅವ್ರೂ ಕೇಳಲ್ಲ... ಮಕ್ ಚಿಕ್ ಒಬ್ರಿಗೇ ಕಿವೀಲಿ ಹೇಳ್ತೀಯಾ? ನನ್ನ ಹೆಸರು ಕಿವೀಲಿ ಕೆಡಿಸಿದ್ಯಾ? ಇಪ್ಪತ್ತೆಂಟು ಜನದೆದುರು ಕೆಡಿಸಿದೆ. ಈಗ ಮೂವತ್ತೈದು ಜನ ಇದ್ದಾರೆ, ಏಳು ಜನ ಜಾಸ್ತಿ ಅಂತ ಬೇಜಾರಾ?

... ಹಾಗಾದ್ರೆ ಒಂದು ಕೇಳ್ತೀನಿ, ನಿಜ ಹೇಳು. ಯಾಕೆ ಒಳಗೆ ಹೋಗಲಿಲ್ಲ? ನಾಲ್ಕು ಹೆಜ್ಜೆ ಕಣೋ. ಬಾಗಿಲಿಂದ ಒಲೆಗೆ ನಾಲ್ಕು ಹೆಜ್ಜೆ. ಸೋಮಾರಿತನಾನಾ? ಸಿಗರೇಟಾ?

... ಏನು?

... ಓದೋಕೆ ಬರ್ತಿರಲಿಲ್ವಾ? ಜಪಾನಿ ಅಕ್ಷರ ಓದೋಕೆ?... ಸುಳ್ಳು. ಗಿಳಿ ಥರ ಮಾತಾಡ್ತಿದ್ದೆ... ಬರೀ ಮಾತಾ. ಅಕ್ಷರಾನೇ ಕಲ್ತಿರಲಿಲ್ವಾ... ನಾನು ಒಂದು ಬಾಟಲಿ ಕೊಟ್ಟು ಓದು ಅಂದಾಗ ಎಲ್ಲಾ ಓದ್ತಿದ್ಯಲ್ಲೋ?... ನಾನು ಓದಿದ್ದನ್ನೇ ಬಾಯಿಪಾಠ ಮಾಡಿ ಒಪ್ಪಿಸ್ತಿದ್ಯಾ. ಯಾ ಅಲ್ಲಾಹ್!

... ಹೇಳಿದ್ರೆ ಬೈತಿದ್ದೆ, ಹೌದು, ಬೈತಿದ್ದೆ. ಬೈದು ಕಲಿಸ್ತಿದ್ದೆ. ನಾನು ಎಷ್ಟು ಜನಕ್ಕೆ ಬೈದು ಎಷ್ಟು ಕಲಿಸಿಲ್ಲ?... ನಾಚಿಕೆ ಆಯ್ತಾ? ನಿನ್ನ ನಾಚಿಕೆಗೆ ಇಪ್ಪತ್ತೆಂಟು ಜನದ ಹೊಟ್ಟೆಗೆ ಮದ್ಯ ಹೋಯ್ತು, ನಮ್ಮಮ್ಮನ ಮನೆಗೆ ಏಳು ತಟ್ಟೆ ವಾಪಸ್ ಬಂತು. ಆಮೇಲಾದ್ರೂ ಕಲ್ತ್ಯಾ?... ಫೋನಿನ ಕ್ಯಾಮೆರಾ ಓದಿ ಹೇಳುತ್ತಾ. ಒಳ್ಳೇದು. ಫೋನು ನಿನಗಿಂತ ನಿಯತ್ತಿನದು.

... ಇಲ್ಲ, ಕರಗಲ್ಲ. ಪಾಪ ಅನ್ನಿಸ್ತಿದೆ, ನಿಜ, ಆದ್ರೂ ಬಿಡಲ್ಲ. ಅದನ್ನೂ ಸೇರಿಸಿ ಮೈಕಲ್ಲಿ ಹೇಳು. ಓದೋಕೆ ಬರ್ತಿರಲಿಲ್ಲ ಅಂತ. ಎದ್ದೇಳು. ಎದ್ಯಾ?... ಡ್ರೈವರ್‌ಗೆ ನಿಧಾನ ಹೋಗೋಕೆ ಹೇಳು, ಬೀಳ್ತೀಯ. ನೀನು ಬಿದ್ರೆ ನನ್ನ ಕೆಲಸ ಅರ್ಧಕ್ಕೆ ನಿಲ್ಲುತ್ತೆ.

... ಹಾಂ. ಕೇಳ್ತಿದೆ... ಗೊರಗೊರ ಅಂತಿದೆ, ಫೋನ್ ಸ್ವಲ್ಪ ದೂರ ಹಿಡಿ... ಈಗ ಸರಿ. ಶುರು ಮಾಡು.

... ಜೋರಾಗಿ. ಹಿಂದಿನ ಸೀಟಿಗೆ ಕೇಳಿಸ್ಬೇಕು.

... 'ಒಂದು ಸಣ್ಣ ತಪ್ಪಾಯ್ತು' ಅಲ್ಲ! ಸಣ್ಣ ಅನ್ನೋದು ತೆಗಿ. ಮತ್ತೆ ಮೊದಲಿಂದ ಹೇಳು.

... ಹಾಂ... ಹಾಂ... ಒಳಗೆ ಹೋಗಿರಲಿಲ್ಲ... ಹೋಗಿದ್ದೆ ಅಂದೆ... ಹಾಂ, ಯಾರಿಗೆ? ಹೆಸರು ಹೇಳು. ಪೂರ್ತಿ ಹೆಸರು. ಸಲ್ಬಿಯಾ ಬಿಂತಿ ಮಹಮೂದ್. ನನ್ನಪ್ಪನ ಹೆಸರೂ ಬರ್ಲಿ, ಅವ್ರಿಗೂ ಕೆಟ್ಟ ಹೆಸರು ಬಂದಿತ್ತಲ್ಲ... ಹಾಂ. ಈಗ ಬಂತು.

... ಯಾರೋ ಬೈತಿದ್ದಾರೆ ಅಲ್ವಾ ಹಿಂದೆ? ಗಂಡಸಿನ ದನಿ... ಬೈಯ್ಲಿ. ನಿಂತ್ಕೊಂಡು ಕೇಳಿಸ್ಕೋ. ನಾನೂ ನಿಂತೇ ಕೇಳಿಸ್ಕೊಂಡಿದ್ದೆ.

... ಮುಗೀತಾ? ಮುಗೀತು. ಅಲ್ ಹಮ್ದು ಲಿಲ್ಲಾಹ್. ಒಂಬತ್ತು ವರ್ಷದಿಂದ ಎದೇಲಿ ಸಿಕ್ಕೊಂಡಿದ್ದ ಮೂಳೆ ಇಳೀತು ಕಣೋ. ಇರು, ನೀರು ಬಿಡ್ತೀನಿ, ಅಕ್ಕಿ ತೊಳೀತಿದೀನಿ, ಕೇಳಿಸ್ತಿದ್ಯಾ? ಮಾತಿಗೆ ತಪ್ಪೋಳಲ್ಲ ನಾನು. ಮೂವತ್ತೈದು ಬುತ್ತಿ ಕಟ್ತೀನಿ. ನೀನು ಬಸ್ಸಲ್ಲೇ ಕೂತ್ಕೊಂಡು ಬಾಳೆಹಣ್ಣು ತಿನ್ನು.

... ಏನು? ಯಾರು ಕೇಳ್ತಿರೋದು?... ಮಕ್ ಚಿಕ್ ಅವ್ರಾ? ಎದ್ದು ಮುಂದೆ ಬಂದಿದ್ದಾರಾ? ಬಸ್ಸು ಹೋಗ್ತಿರೋವಾಗಲೇನಾ? ಹಿಡ್ಕೊಳ್ಳೋ ಅವ್ರನ್ನ, ಬೀಳ್ತಾರೆ!... ಕೊಡು. ಫೋನ್ ಕೊಡು ಅವ್ರಿಗೆ.

... ಅಸ್ಸಲಾಮು ಅಲೈಕುಮ್, ಮಕ್ ಚಿಕ್. ನಾನು ಸಲ್ಬಿಯಾ... ಚೆನ್ನಾಗಿದೀನಿ. ನೀವು?... ಮಂಡಿ ನೋವಾ... ಕೇಳಿಸ್ಕೊಂಡ್ರಲ್ಲ ಈಗ, ಅವನು ಹೇಳಿದ್ದು? ಒಂಬತ್ತು ವರ್ಷದಿಂದ ನಿಮ್ಮೊಬ್ರಿಗೆ ಇದನ್ನ ಹೇಳ್ಬೇಕು ಅಂತಿದ್ದೆ. ಬೇರೆಯವ್ರು ಏನಾದ್ರೂ ಅಂದ್ಕೊಳ್ಲಿ. ನೀವು ಅವತ್ತು ಊಟದ ಕಡ್ಡಿ ಕೆಳಗಿಟ್ಟು, ಒಂದು ಮಾತೂ ಬೈಯದೆ, ಊರು ಸೇರೋ ತನಕ ನನ್ನ ಕಡೆ ತಿರುಗಿ ನೋಡಲಿಲ್ಲ. ಅದು... ಈಗ ಗೊತ್ತಾಯ್ತಲ್ಲ, ತಪ್ಪು ನಂದಲ್ಲ ಅಂತ.

... ಹಾಂ?

... ಹೌದು. ಕೇಳಿದ್ರಿ. ತಿನ್ನೋ ಮುಂಚೆ, ನೀನೇ ನೋಡಿದ್ಯಾ ಅಂತ ಮೂರು ಸಲ ಕೇಳಿದ್ರಿ.

... ಜ್ಞಾಪಕ ಇದೆ, ಮಕ್ ಚಿಕ್.

... ಇಲ್ಲ, ರಿಜುವಾನ್ ನೋಡಿದ್ದಾನೆ ಅಂತ ಅನ್ನಲಿಲ್ಲ ನಾನು... ಹೌದು. ನಾನೇ ನನ್ನ ಕಣ್ಣಾರೆ ನೋಡಿದೀನಿ, ಅಲ್ಲಾಹನ ಆಣೆ, ತಿನ್ನಿ ಅಂದೆ... ಹೌದು. ಹಾಗೇ ಅಂದೆ.

... ರಿಜುವಾನ್, ಏನೋ? ಏನು ಪಿಸುಗುಡ್ತಿದೀಯ ಅಲ್ಲಿ?... ಮೈಕ್ ಆನ್ ಇದ್ಯಾ ಇನ್ನೂ? ಆರಿಸ್ಲಾ ಅಂತೀಯಾ?

... ಬೇಡ. ಇರ್ಲಿ. ಆರಿಸ್ಬೇಡ.

... ಮಕ್ ಚಿಕ್, ನಾನು ನೋಡಿರಲಿಲ್ಲ. ನೀವು ನಾಲ್ಕು ದಿನದಿಂದ ಬರೀ ಅನ್ನ, ಉಪ್ಪುಮೊಟ್ಟೆ ತಿಂತಿದ್ರಿ, ಸೊರಗಿ ಹೋಗಿದ್ರಿ. ನನಗೆ ಸಂಕಟ ಆಗ್ತಿತ್ತು. ಅದಕ್ಕಿಂತ ಜಾಸ್ತಿ, ಸಲ್ಬಿಯಾ ಮಾತು ಅಂದ್ರೆ ಜನ ನಂಬ್ತಾರೆ ಅನ್ನೋ ಜಂಬ ಇತ್ತು. ಅವನು ಹೇಳಿದ್ದನ್ನೇ ಹಿಡ್ಕೊಂಡು, ನೋಡದೇ ಇದ್ದದ್ದಕ್ಕೆ ಅಲ್ಲಾಹನ ಹೆಸರು ಹಾಕಿದೆ. ಅವನ ಸುಳ್ಳು ನನಗೆ. ನನ್ನ ಸುಳ್ಳು ನಿಮಗೆ. ಇದನ್ನ ಅಮ್ಮನಿಗೂ ಹೇಳಿಲ್ಲ ನಾನು. ಎಲ್ಲಾ ಅವನ ಮೇಲೇ ಹಾಕಿ ಬೈತಾ ಬೈತಾ ಒಂಬತ್ತು ವರ್ಷ ಕಳೆದೆ.

... ಅಳ್ತಿಲ್ಲ. ಈರುಳ್ಳಿ.

... ಏನಂದ್ರಿ? ಗೊತ್ತಿಲ್ದೆ ತಿಂದದ್ದಕ್ಕೆ ನಿಮಗೆ ಪಾಪ ಇಲ್ಲ, ಅದು ಗೊತ್ತು... ಅದಕ್ಕಲ್ವಾ? ಮತ್ತೆ ಯಾಕೆ ಮಾತಾಡಲಿಲ್ಲ ನನ್ನ ಜೊತೆ?... ನಾನೇ ಬಂದು ಹೇಳ್ತೀನಿ ಅಂತ ಕಾಯ್ತಿದ್ರಾ? ಅವತ್ತಿಂದಾ?...

... ಹಾಂ. ಈಗ ಹೇಳಿದೆ.

... ಇಲ್ಲ ಮಕ್ ಚಿಕ್, ಈ ಸಲ ಆಣೆ ಇಡಲ್ಲ. ನೀವು ಬಸ್ಸಿಂದ ಇಳಿದು ನೇರ ನನ್ನ ಅಡುಗೆಮನೆಗೆ ಬನ್ನಿ. ಮೆಟ್ಟಿಲಿಲ್ಲ, ಮಂಡಿಗೆ ಕಷ್ಟ ಆಗಲ್ಲ. ಹನ್ನೊಂದು ಬಾಟಲಿ ಇದೆ, ಎಲ್ಲಾ ನಿಮ್ಮ ಮುಂದೆ ಇಡ್ತೀನಿ. ನಿಮ್ಮ ಮೊಮ್ಮಗಳ ಫೋನಿಗೆ ತೋರಿಸಿ ನೋಡ್ಕೊಳ್ಳಿ. ಸಂಶಯ ಬಂದ್ರೆ ತಿನ್ಬೇಡಿ, ನಾನು ಬೇಜಾರ್ ಮಾಡ್ಕೊಳ್ಳಲ್ಲ.

... ಫೋನ್ ಬೇಡ್ವಾ?... ಮತ್ತೆ?

... ನಾನು ಓದ್ಲಾ?... ನಾನು ಓದಿ ಹೇಳಿದ್ರೆ... ನೀವು ತಿಂತೀರಾ?

... ಹಲೋ? ಮಕ್ ಚಿಕ್?... ಓದ್ತೀನಿ. ಒಂದೊಂದೂ ಓದ್ತೀನಿ, ನೀವು ಬನ್ನಿ... ಸುರಂಗ ಬಂತಾ? ಹಲೋ?... ರಿಜುವಾನ್, ನಿನಗೂ ಒಂದು ಬುತ್ತಿ ಕಟ್ತೀನೋ, ಕೇಳಿಸ್ತಾ? ಮೊದ್ಲು ಅವ್ರನ್ನ ಕೂರಿಸೋ... ಹಲೋ... ಹಲೋ...